ಬೆಲೆಯ ಜೊತೆ ನೆರಳನ್ನೂ ತೋರಿಸಿ

ಮಾನ್ಯರೇ,

ಹಳೇ ಪೋಕೆಮಾನ್ ಕಾರ್ಡ್‌ಗೆ (ಕಾರ್ಟೂನ್ ಜೀವಿಗಳ ಚಿತ್ರವಿರುವ ಆಟದ ಕಾರ್ಡ್) ಲಕ್ಷಗಟ್ಟಲೆ ಬೆಲೆ ಅಂತ ನಿಮ್ಮ ಪತ್ರಿಕೆಯಲ್ಲಿ ಬಂದ ಸುದ್ದಿ ಓದಿದೆ. ಹಾಗಂತ ಸುಮ್ನೆ ಬರೆದರೆ ಸಾಲದು. ಯಾವ ಮುದ್ರಣದ್ದು ಅನ್ನೋದೇ ಮುಖ್ಯ, ಅಲ್ವಾ?

1999ರ ಇಂಗ್ಲಿಷ್ ಬೇಸ್ ಸೆಟ್ ತಗೊಳ್ಳಿ, ಅಂದ್ರೆ ಇಂಗ್ಲಿಷ್‌ನಲ್ಲಿ ಬಂದ ಮೊದಲ ಕಾರ್ಡ್ ಸರಣಿ. ಮೊದಮೊದಲ ಕಾರ್ಡ್‌ಗಳಲ್ಲಿ ಚಿತ್ರದ ಚೌಕಟ್ಟಿನ ಬಲಕ್ಕೆ ನೆರಳಿಲ್ಲ, ಆಮೇಲಿನವಕ್ಕೆ ಇದೆ. ಪಿಕಾಚು ಕಾರ್ಡ್‌ನಲ್ಲಿ ಅದರ ಕೆನ್ನೆ ಮೊದಲು ಕೆಂಪು, ನಂತರ ಹಳದಿ. (ನನಗಂತೂ ಅದೇ ಸೆಟ್‌ನ ಚಾರಿಜಾರ್ಡ್ ಕಾರ್ಡ್‌ಗಿಂತ ಈ ಕೆಂಪು ಕೆನ್ನೆ ಹುಡುಕೋದೇ ಜಾಸ್ತಿ ಖುಷಿ.)

ಪಕ್ಕದ ಮನೆಯ ಹುಡುಗ ಆನ್‌ಲೈನ್‌ನಲ್ಲಿ ಚಾರಿಜಾರ್ಡ್ ತರಿಸಿದ್ದ. ಫಸ್ಟ್ ಎಡಿಷನ್ (ಮೊಟ್ಟಮೊದಲ ಮುದ್ರಣ) ಮೊಹರೂ ಇತ್ತು, ನೆರಳೂ ಇತ್ತು! ಆ ಸೆಟ್‌ನಲ್ಲಿ ಮಚಾಂಪ್ ಕಾರ್ಡ್ ಒಂದನ್ನು ಬಿಟ್ಟರೆ ಇವೆರಡೂ ಒಟ್ಟಿಗೆ ಬರುವುದಿಲ್ಲ. ಅಂದ್ರೆ ಅದು ನಕಲಿ. ಅವನ ದುಡ್ಡು ವಾಪಸ್ ಬಂದಿಲ್ಲ.

ಮುಂದೆ ಇಂಥ ಸುದ್ದಿ ಹಾಕುವಾಗ ಕಾರ್ಡ್‌ನ ಫೋಟೊ ದೊಡ್ಡದಾಗಿ, ಬಣ್ಣದಲ್ಲಿ ಹಾಕಿ.

– ಕಾರ್ಡ್ ಹವ್ಯಾಸಿ, ಮೈಸೂರು