ಕೆರೆಯಲ್ಲಿರುವುದು ಮಣ್ಣಲ್ಲ, ನೀರು

ಸಂಪಾದಕರಿಗೆ,

ನಮ್ಮೂರ ಕುಡಿಯುವ ನೀರಿನ ಕೆರೆಯ ಪಾವಟಿಗೆ ಮೇಲೆ ಪ್ಯಾರಾಕ್ವಾಟ್ ಎಂಬ ಕಳೆನಾಶಕ ಹೊಡೆಯುವ ಪಂಪು ತೊಳೆದ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ಸುದ್ದಿ ಸರಿಯಾಗಿದೆ, ಫೋಟೊನೂ ಸರಿಯಾಗಿದೆ. ಕೊನೆಯಲ್ಲಿ ಹಾಕಿದ ಅಧಿಕಾರಿಗಳ ಹೇಳಿಕೆ ಓದಿ ಮಾತ್ರ ಮೈ ಉರಿಯಿತು. ಈ ಕಳೆನಾಶಕ ಮಣ್ಣಿಗೆ ಬಿದ್ದ ಕೂಡಲೇ ನಿಷ್ಕ್ರಿಯವಾಗುತ್ತದಂತೆ, ಜನ ಆತಂಕಪಡಬಾರದಂತೆ. ಪ್ಯಾರಾಕ್ವಾಟ್ ಮಣ್ಣಿಗೆ ಅಂಟಿಕೊಳ್ಳುತ್ತದೆ ಎಂಬುದು ನಿಜ, ನಾನೂ ಓದಿದ್ದೇನೆ. ಆದರೆ ಕೆರೆಯಲ್ಲಿರುವುದು ನೀರು, ಸಾಹೇಬರೇ. ಪರಿಶೀಲನೆಗೆ ಬಂದ ದಿನ ನೀವೂ ಜೀಪಿನಲ್ಲಿ ಸೀಲು ಒಡೆಯದ ಬಾಟಲಿ ಇಟ್ಟುಕೊಂಡೇ ಬಂದಿದ್ದಿರಿ, ಊರವರೆಲ್ಲ ನೋಡಿದ್ದಾರೆ.

ಅಂದಿನಿಂದ ನಲ್ಲಿ ಬಂದ್. ಶುದ್ಧ ಕುಡಿಯುವ ನೀರಿನ ಘಟಕವಿದೆಯಲ್ಲ ಎನ್ನಬೇಡಿ. ಅದು ಉದ್ಘಾಟನೆಯಾದ ವರ್ಷವೇ ಕೆಟ್ಟಿತು, ಈಗ ಅದರೊಳಗೆ ಯಾರದೋ ಹೊಟ್ಟಿನ ಚೀಲಗಳಿವೆ. ಬೈಕಿನ ಹಿಂದೆ ಕ್ಯಾನು ಕಟ್ಟಿಕೊಂಡು ಪಕ್ಕದ ಊರಿಗೆ ಹೋಗಬೇಕು. ಅಲ್ಲಿಯವರು ನಮ್ಮನ್ನು ಕಂಡರೆ ಸಾಲು ಬಿಗಿ ಮಾಡುತ್ತಾರೆ, ಅವರದೂ ತಪ್ಪಲ್ಲ. ಬೆಣ್ಣಿಹಳ್ಳದ ನೀರು ಸವಳು, ಎಮ್ಮೆ ಮೂಸಿ ನೋಡಿ ಮುಖ ತಿರುಗಿಸುತ್ತದೆ. ಕ್ಯಾನಿನ ನೀರಿನಲ್ಲಿ ಬೇಳೆ ಬೇಯುವುದಿಲ್ಲ ಎಂದು ಅವ್ವನ ತಕರಾರು ಬೇರೆ. ಹೆಸರುಕಾಳಿನ ಕಟಾವಿನ ಹೊತ್ತಿನಲ್ಲಿ ಹೊಲಕ್ಕೆ ಹೋಗಬೇಕೋ, ನೀರು ಹೊರಬೇಕೋ?

ಪಂಪು ತೊಳೆದ ಹುಡುಗನನ್ನು ಬೈದು ಪ್ರಯೋಜನವಿಲ್ಲ. ಅವನು ಕೂಲಿಯವನು. ಬೆನ್ನಿನ ಪಂಪು ಸೋರಿ ಅಂಗಿ ಸೊಂಟದವರೆಗೆ ಒದ್ದೆಯಾಗಿತ್ತು, ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ. ಮೈ ತೊಳೆದುಕೊಳ್ಳಲು ನೀರು ಕಂಡಲ್ಲಿ ಇಳಿದಿದ್ದಾನೆ. ಈ ವಿಷ ಚರ್ಮವನ್ನೇ ಸುಡುತ್ತದೆ, ಗಾಯವಿದ್ದಲ್ಲಿ ಒಳಗೂ ಇಳಿಯುತ್ತದೆ ಎಂದು ಅವನಿಗೆ ಹೇಳಿದವರು ಯಾರು? ಡಬ್ಬಿಯ ಮೇಲೆ ಹಳದಿ ತ್ರಿಕೋನವಿದೆ. ಕುತ್ತಿಗೆಗೆ ಕಟ್ಟಿದ ಚೀಟಿ ಬಿಚ್ಚಿದರೆ ಬೀಡಿಯಷ್ಟು ಸಣ್ಣಗೆ ಮಡಚಿದ ಕಾಗದ. ಅದರಲ್ಲಿ ಕನ್ನಡವೂ ಇದೆ, ಓದಲು ಭೂತಗನ್ನಡಿ ಬೇಕು. ಕೈಗವಸು, ಕನ್ನಡಕ, ಬೂಟು ಹಾಕಿ, ಗಾಳಿಗೆದುರಾಗಿ ಹೊಡೆಯಬೇಡಿ, ಕೆರೆ ಹಳ್ಳದಲ್ಲಿ ತೊಳೆಯಬೇಡಿ, ಖಾಲಿ ಡಬ್ಬಿ ಮತ್ತೆ ಬಳಸಬೇಡಿ. ಎಲ್ಲ ಬರೆದಿದ್ದಾರೆ, ಬರೆದವರ ಹೊಣೆ ಮುಗಿಯಿತು. ಇದಕ್ಕೆ ಪ್ರತಿವಿಷವೇ ಇಲ್ಲ. ಹೊಟ್ಟೆಗೆ ಹೋದರೆ ಮೂತ್ರಪಿಂಡ, ಶ್ವಾಸಕೋಶ ಎರಡನ್ನೂ ಹಿಡಿಯುತ್ತದೆ. ಉಸಿರಿಗೆಂದು ಕೊಡುವ ಆಮ್ಲಜನಕವೇ ಶ್ವಾಸಕೋಶದ ಹಾನಿ ಹೆಚ್ಚಿಸುವುದರಿಂದ ಡಾಕ್ಟರರು ಅದನ್ನೂ ಅಳೆದು ತೂಗಿ ಕೊಡಬೇಕಾಗುತ್ತದೆ. ನಮ್ಮ ಅಂಗಡಿಯಲ್ಲಿ ಇಂಥದ್ದನ್ನು ದನದ ಹಿಂಡಿ ಚೀಲದ ಪಕ್ಕದಲ್ಲೇ ಇಟ್ಟು ಮಾರುತ್ತಾರೆ. ಬಿಲ್ಲು ಕೇಳಿದರೆ 'ಬಿಲ್ ಯಾಕ್ರೀ ಕಾಕಾ, ನಾವೇನು ಓಡಿ ಹೋಗ್ತೀವೇನು' ಎನ್ನುತ್ತಾರೆ.

ಇದು ಹೆಸರು ಬೆಳೆಯ ಕಳೆಗಾಗಿ ಹೊಡೆದದ್ದೂ ಅಲ್ಲ, ವರದಿಯಲ್ಲಿ ಆ ಮಾತು ಬಿಟ್ಟುಹೋಗಿದೆ. ಕಾಯಿ ಕಪ್ಪಾದರೂ ಎಲೆ ಹಸಿರಿದ್ದರೆ ಕಟಾವು ಮಷಿನ್ನಿನವನು ಹೊಲಕ್ಕೆ ಇಳಿಯುವುದಿಲ್ಲ. ಬಿಡಿಸಲು ಆಳು ಸಿಗುವುದಿಲ್ಲ. ಶ್ರಾವಣದ ಮಳೆ ಹಿಡಿದರೆ ಕಾಯಿಯೊಳಗೇ ಮೊಳಕೆ. ಅದಕ್ಕೇ ಇದನ್ನು ಹೊಡೆದು ಎಲೆ ಒಣಗಿಸಿ ಉದುರಿಸುತ್ತಾರೆ, ಆಮೇಲೆ ಅದೇ ಕಾಳು ಮಾರ್ಕೆಟ್ಟಿಗೆ. ಇದನ್ನು ಹೊಡೆಯಬಹುದಾದ ಬೆಳೆಗಳೆಂದು ನೋಂದಣಿಯ ಪಟ್ಟಿಯಲ್ಲಿರುವುದು ಹತ್ತಿ, ಬಟಾಟೆ, ಚಹಾ, ಕಾಫಿಯಂಥವು; ಹೆಸರು ಒಣಗಿಸಲು ಎಂದು ಎಲ್ಲಿದೆ? ಕೀಟನಾಶಕ ಕಾಯ್ದೆ 1968ರದು, ನಿಯಮ 1971ರದು. ಇದರ ಮೇಲೆ ಕಣ್ಣಿಡಲು ಇನ್‌ಸ್ಪೆಕ್ಟರೂ ಇದ್ದಾರಂತೆ. ಇದ್ದರೆ ಒಮ್ಮೆ ಮುಖ ತೋರಿಸಲಿ.

ನನ್ನ ಮೆಣಸಿನ ಗಿಡಗಳ ಕಥೆಯನ್ನು ಯಾರೂ ಬರೆಯಲಿಲ್ಲ. ಪಕ್ಕದ ಹೊಲದಲ್ಲಿ ಹೊಡೆದದ್ದು ಗಾಳಿಗೆ ಹಾರಿ ಬಂದು, ಮರುದಿನ ಬಿಸಿಲೇರುವಷ್ಟರಲ್ಲಿ ಬದುವಿನ ಕಡೆಯ ಸಾಲುಗಳ ಎಲೆ ತುಂಬ ಬೂದು ಚುಕ್ಕೆ. ಚುಕ್ಕೆಯ ನಡುವೆ ಎಲೆ ಕಾಗದದಂತೆ ಒಣಗಿ ತೂತು ಬಿದ್ದಿದೆ. ಪರಿಹಾರ ಕೇಳಲು ಹೋದರೆ ಇದು ಬೆಳೆ ವಿಮೆಗೆ ಬರುವುದಿಲ್ಲ, ಪ್ರಕೃತಿ ವಿಕೋಪವಲ್ಲ ಎಂದರು. ಹೋಗಲಿ, ಪ್ರಕೃತಿ ವಿಕೋಪಕ್ಕಾದರೂ ಕೊಟ್ಟಿದ್ದೀರಾ? ಅತಿವೃಷ್ಟಿಯಾದ ವರ್ಷದ ಸಮೀಕ್ಷೆಯಲ್ಲಿ ನನ್ನ ಹೆಸರು ಬೆಳೆಯ ಹೊಲಕ್ಕೆ ಗೋವಿನಜೋಳ ಎಂದು ಬರೆದು ಹೋದವರು ನೀವೇ. 2025-26ಕ್ಕೆ ಹೆಸರಿಗೆ ಕ್ವಿಂಟಲಿಗೆ 8,768 ರೂಪಾಯಿ ಬೆಂಬಲ ಬೆಲೆ ಎಂದು ಘೋಷಣೆಯಾಯಿತು. ಇಲ್ಲಿ ಖರೀದಿ ಕೇಂದ್ರದ ಬಾಗಿಲು ತೆರೆಯುವಷ್ಟರಲ್ಲಿ ನಮ್ಮ ಕಾಳು ದಲಾಲರ ಗೋದಾಮು ಸೇರಿತ್ತು.

ಕೇರಳ ಪ್ಯಾರಾಕ್ವಾಟನ್ನು 2011ರಲ್ಲೇ ಬಂದ್ ಮಾಡಿತು. ಸ್ವಿಟ್ಜರ್ಲೆಂಡ್ 1989ರಲ್ಲೇ ಬೇಡ ಎಂದಿತು, ಯುರೋಪಿನ ಒಕ್ಕೂಟದಲ್ಲಿ 2007ರಿಂದ ಇಲ್ಲ. ನಮ್ಮಲ್ಲೂ ನಿಷೇಧಿಸಿ. ಆಗದಿದ್ದರೆ ಹೆಸರಿಗೆ ಹೊಡೆಯುವುದನ್ನಾದರೂ ನಿಲ್ಲಿಸಿ. ನಿಲ್ಲಿಸಿದರೆ ಬಿಡಿಸಲು ಆಳು ಯಾರು ಕಳಿಸುತ್ತಾರೆ ಎಂಬುದನ್ನೂ ಹೇಳಿ. ಅದಕ್ಕೂ ಮೊದಲು ಕೆರೆ ನೀರಿನ ಪರೀಕ್ಷೆಯ ವರದಿಯನ್ನು ಪಂಚಾಯಿತಿ ಗೋಡೆಗೆ ಅಂಟಿಸಿ. ಮಾದರಿ ಒಯ್ದವರು ಒಯ್ದೇ ಬಿಟ್ಟರು. ದಯವಿಟ್ಟು ಮತ್ತೊಂದು ಜಾಗೃತಿ ಕಾರ್ಯಕ್ರಮ ಮಾತ್ರ ಇಟ್ಟುಕೊಳ್ಳಬೇಡಿ. ಹಿಂದಿನದರಲ್ಲಿ ಶಾಲು, ಹಾರ, ಉಪ್ಪಿಟ್ಟು ಎಲ್ಲ ಆಯಿತು. ಕೈಗವಸು ಸಿಕ್ಕಿದ್ದು ವೇದಿಕೆಯ ಮೇಲೆ ಫೋಟೊಕ್ಕೆ ನಿಂತವರಿಗೆ, ಅವರಲ್ಲಿ ಒಬ್ಬನೂ ಪಂಪು ಹೊತ್ತವನಲ್ಲ.

ನೊಂದ ರೈತ,
ನವಲಗುಂದ ತಾಲೂಕು