ಬಾಗಿದ ಕಬ್ಬಿಣವನ್ನು ಬಿಲ್ಲು ಎಂದವನು

ಪ್ರಿಯ ಮಿತ್ರರೇ,

ಪಶ್ಚಿಮ ಆಫ್ರಿಕಾದ ಸುಂಡಿಯಾಟ ಮಹಾಕಾವ್ಯದ ಹೊಗಳುಹಾಡಿನ ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ದುಡಿಮೆ ಕಾಣುತ್ತದೆ. ಆದರೆ ಎರಡು ಮಾತುಗಳು ಮನಸ್ಸಿಗೆ ಚುಚ್ಚಿದವು. ನಾಯಕ ಸುಂಡಿಯಾಟನ ಹಾಡುಗಾರ ಬಲ್ಲಾ ಫಸೆಕೆಯನ್ನು ‘ಹೊಗಳುಭಟ್ಟ’ ಎಂದಿದ್ದೀರಿ. ಬಿಲ್ಲನ್ನು ‘ಅಧಿಕಾರದ ಸಂಕೇತ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ.

ಹೊಗಳುಭಟ್ಟ ಎಂಬುದು ನಮ್ಮಲ್ಲಿ ಎಂದೋ ಬೈಗುಳವಾಗಿದೆ. ಪಶ್ಚಿಮ ಆಫ್ರಿಕಾದ ಮಾಂಡೆ ಜನ ಬಲ್ಲಾನಂಥವನನ್ನು ಜೆಲಿ ಎನ್ನುತ್ತಾರೆ. ಅವರ ನುಡಿಯಲ್ಲಿ ಅದೇ ಪದಕ್ಕೆ ರಕ್ತವೆಂಬ ಅರ್ಥವೂ ಉಂಟು. ಅರಸನ ವಂಶಾವಳಿ, ಹಿರಿಯರು ಕೊಟ್ಟ ಮಾತು, ಹಳೆಯ ಹಗೆ ಎಲ್ಲವೂ ಅವನ ನಾಲಗೆಯ ಮೇಲಿರುತ್ತವೆ. ಜೆಲಿ ಎಂಬ ಪದವನ್ನು ಹಾಗೆಯೇ ಉಳಿಸಿಕೊಳ್ಳಿ.

ಇನ್ನು ಬಿಲ್ಲು. ಗಿನಿಯ ಇತಿಹಾಸಕಾರ ಜಿಬ್ರಿಲ್ ತಮ್ಸಿರ್ ನಿಯಾನೆ 1960ರಲ್ಲಿ ಪ್ರಕಟಿಸಿದ ಕಾವ್ಯದ ಪಠ್ಯವನ್ನು ಮತ್ತೊಮ್ಮೆ ನಿಧಾನವಾಗಿ ನೋಡಿ. ಮುಂದೆ ಮಾಲಿ ಸಾಮ್ರಾಜ್ಯ ಕಟ್ಟಲಿರುವ ಹುಡುಗ ಸುಂಡಿಯಾಟ ಏಳು ವರ್ಷವಾದರೂ ತೆವಳುತ್ತಿದ್ದಾನೆ. ಅಡುಗೆಗೆ ಒಂದಿಷ್ಟು ಬಾವೊಬಾಬ್ ಎಲೆ ಕೇಳಲು ಹೋದ ತಾಯಿ ಸೊಗೊಲೊನ್‌ಳನ್ನು ಸವತಿ ಹಂಗಿಸುತ್ತಾಳೆ. (ಸವಣೂರಿನ ದೊಡ್ಡ ಹುಣಸೆ ಮರಗಳು ಇದೇ ಜಾತಿಯವು, ನಮ್ಮ ಓದುಗರಿಗೆ ಹೇಳಿ, ಮರ ಕಣ್ಣಿಗೆ ಕಟ್ಟುತ್ತದೆ.) ತಾಯಿಯ ಕಣ್ಣೀರು ಕಂಡ ಮಗ, ಇಂದೇ ನಡೆಯುತ್ತೇನೆ ಎಂದು ಕಬ್ಬಿಣದ ಸರಳು ತರಿಸುತ್ತಾನೆ. ಕಮ್ಮಾರನ ಆರು ಮಂದಿ ಶಿಷ್ಯರು ಅದನ್ನು ಹೊತ್ತು ತಂದು ಗುಡಿಸಲ ಮುಂದೆ ಹಾಕುತ್ತಾರೆ. ಹುಡುಗ ತೆವಳಿ ಬಂದು, ಸರಳನ್ನು ನೆಟ್ಟಗೆ ನಿಲ್ಲಿಸಿ, ಅದನ್ನೇ ಹಿಡಿದು ಮೇಲೇಳುತ್ತಾನೆ. ಅವನು ನಿಂತಾಗ ಸರಳು ಬಾಗಿಹೋಗಿದೆ.

ಬಲ್ಲಾ ಹಾಡುವುದು ಆಗ. ಬಿಲ್ಲು ಹಿಡಿ, ಸಿಂಬೊನ್, ನಡೆ ಎಂಬುದು ಅದರ ಸಾರ. ಊರುಗೋಲಿಗೆಂದು ತಂದ ಕಬ್ಬಿಣ ಅದು. ಬಿಲ್ಲು ಎಂದು ಮೊದಲು ಕರೆದವನು ಜೆಲಿ. ಸಿಂಬೊನ್ ಎಂದರೆ ದೊಡ್ಡ ಬೇಟೆಗಾರ. ಈಗಷ್ಟೇ ಎದ್ದು ನಿಂತ ಹುಡುಗ ಒಂದು ಬೇಟೆಯನ್ನೂ ಆಡಿಲ್ಲ! ಬಿರುದು ಮೊದಲೇ ಬಂದಿದೆ. ಅದಕ್ಕೆ ತಕ್ಕ ಬಾಳನ್ನು ಅವನು ಬಾಳಿ ತೀರಿಸಬೇಕು. ಹಿಡಿ, ನಡೆ ಎರಡೂ ಅಪ್ಪಣೆಗಳು ಎಂಬುದನ್ನು ಗಮನಿಸಿದಿರಾ? ನನಗೆ ಆ ಹೊಗಳಿಕೆ ಹೆಗಲಿಗೇರಿಸಿದ ಸಾಲದಂತೆ ಕೇಳಿಸುತ್ತದೆ.

ಸುಂಡಿಯಾಟನ ಶತ್ರು, ಸೊಸ್ಸೊ ನಾಡಿನ ಅರಸ ಸುಮಾವೊರೊನ ಗುಪ್ತ ಕೋಣೆಯ ಪ್ರಸಂಗವನ್ನು ನೀವು ಬಿಟ್ಟೇಬಿಟ್ಟಿದ್ದೀರಿ. ಅವನ ಬಾಲಫೋನ್ (ಮರದ ಪಟ್ಟಿಗಳನ್ನು ಬಡಿದು ನುಡಿಸುವ ವಾದ್ಯ) ನುಡಿಸುತ್ತಾ ಸಿಕ್ಕಿಬಿದ್ದ ಬಲ್ಲಾ, ಜೀವ ಉಳಿಸಿಕೊಳ್ಳಲು ನಿಂತಲ್ಲೇ ಶತ್ರುವಿನ ಮೇಲೊಂದು ಹಾಡು ಕಟ್ಟುತ್ತಾನೆ. ಅರಸರ ಚರ್ಮದ ಮೇಲೆ ಕೂರುವವನೇ ಎಂದು ವಂದಿಸುತ್ತಾನೆ. ಅದರಲ್ಲಿ ಸುಳ್ಳಿಲ್ಲ, ಅವನು ಕೂರುತ್ತಿದ್ದುದೇ ಹಾಗೆ. ಸುಮಾವೊರೊ ಹಿಗ್ಗುತ್ತಾನೆ, ಕಥೆ ಕೇಳುವವರ ಮೈ ನಡುಗುತ್ತದೆ. ಒಂದೇ ಸಾಲು ಎರಡು ಕಿವಿಗಳಿಗೆ ಎರಡಾಗಿ ಕೇಳಿಸುವ ಈ ಜಾಗದಲ್ಲಿ ಒಂದು ಪುಟವಾದರೂ ನಿಲ್ಲಿ. ಆ ಬಾಲಫೋನ್ ಎಂದೇ ನಂಬಲಾದ ಸೊಸ್ಸೊ ಬಾಲಾ ಇಂದಿಗೂ ಗಿನಿಯ ನಿಯಾಗಸ್ಸೋಲದಲ್ಲಿದೆ; 2001ರಲ್ಲಿ ಯುನೆಸ್ಕೊ ಆ ಪರಂಪರೆಯನ್ನು ಗೌರವಿಸಿತು.

ತಿದ್ದಿ ಮತ್ತೆ ಕಳುಹಿಸಿ, ಕಾಯುತ್ತಿರುತ್ತೇನೆ. ಸರಳು ಹೊತ್ತ ಆ ಆರು ಜನರನ್ನು ಮಾತ್ರ ಮರೆಯಬೇಡಿ.

ನಿಮ್ಮ ಹಿತೈಷಿ