ಮಗಳಿಗೊಂದು ಪತ್ರ: ಚಾಕು ಮೊದಲೋ, ತಾಡಪತ್ರಿ ಮೊದಲೋ?

ಬೆಳಗಾವಿ

ಅಕ್ಕವ್ವಾ,

ನೀನು ವಾಟ್ಸಾಪ್‌ನಲ್ಲಿ ಕಳಿಸಿದ ಸಾಮಾನಿನ ಪಟ್ಟಿ ನೋಡಿದೆ. ದಸರಾ ರಜೆಗೆ ಖಾನಾಪುರದ ಕಾಡಿಗೆ ಹೋಗುತ್ತೀಯೋ, ದಂಡಯಾತ್ರೆಗೆ ಹೋಗುತ್ತೀಯೋ ತಿಳಿಯಲಿಲ್ಲ. ಮೊದಲ ಸಾಲಿನಲ್ಲೇ ಒಂಬತ್ತು ಇಂಚಿನ ಚಾಕು. ಆಮೇಲೆ ಮೀನಿನ ಗಾಳ, ಕಿಡಿ ಹಾರಿಸುವ ಕಡ್ಡಿ, ಹಾವಿನ ವಿಷ ಹೀರುವ ಪಂಪು. ತಾಡಪತ್ರಿ ಮಾತ್ರ ಕಟ್ಟಕಡೆಗೆ, ‘ಜಾಗ ಉಳಿದರೆ’ ಅನ್ನುವ ಕಡೆ. ಖಡೇಬಜಾರಿನಲ್ಲಿ ತಾಡಪತ್ರಿ ಮಾರಿ ನಿನ್ನನ್ನು ಓದಿಸುತ್ತಿರುವವನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕಾ?

ಅಪ್ಪ ತನ್ನ ಅಂಗಡಿಯ ಮಾಲನ್ನೇ ಹೊಗಳುತ್ತಾನೆ ಅಂತ ನಗುತ್ತೀಯ. ನಗು, ಆದರೆ ವಾದ ಪೂರ್ತಿ ಕೇಳು.

ನೀನೇನು ನಡುಗಡ್ಡೆಯಲ್ಲಿ ಆರು ತಿಂಗಳು ಒಬ್ಬಳೇ ಇರಲು ಹೋಗುತ್ತಿಲ್ಲ. ಜಾಂಬೋಟಿ, ಕಣಕುಂಬಿ ಕಡೆ ದಾರಿ ತಪ್ಪಿದರೆ ಹುಡುಕಿಕೊಂಡು ಜನ ಬಂದೇ ಬರುತ್ತಾರೆ. ಅವರು ಬರುವವರೆಗೆ ಒಂದು ರಾತ್ರಿ, ಜಾಸ್ತಿ ಅಂದರೆ ಎರಡು ರಾತ್ರಿ ಕಳೆಯಬೇಕು. ಮಳೆಯಲ್ಲಿ ತೊಯ್ದು, ಕಾಲು ಉಳುಕಿಸಿಕೊಂಡು, ಕತ್ತಲಲ್ಲಿ ಕುಳಿತ ರಾತ್ರಿ. ಆ ರಾತ್ರಿಗೆ ಏನು ಬೇಕು ಅನ್ನುವುದಷ್ಟೇ ನಮ್ಮ ಜಗಳ.

ಚಾರಣದವರು ಹೇಳುವ ಮೂರರ ಲೆಕ್ಕ ನಿನಗೂ ಗೊತ್ತು. ಉಸಿರಿಲ್ಲದೆ ಮೂರು ನಿಮಿಷ, ಕೆಟ್ಟ ಹವೆಯಲ್ಲಿ ಆಸರೆ ಇಲ್ಲದೆ ಮೂರು ಗಂಟೆ, ನೀರಿಲ್ಲದೆ ಮೂರು ದಿನ, ಊಟವಿಲ್ಲದೆ ಮೂರು ವಾರ. ಗಡಿಯಾರ ಹಿಡಿದು ಅಳೆದ ಲೆಕ್ಕವಲ್ಲ ಇದು. ಯಾವುದರ ಚಿಂತೆ ಮೊದಲು ಅಂತ ನೆನಪಿಡಲು ಮಾಡಿಕೊಂಡದ್ದು. ಇದರಲ್ಲಿ ಮೀನಿನ ಗಾಳ ಎಲ್ಲಿ ಬರುತ್ತದೆ ನೀನೇ ನೋಡು. ಭೀಮಗಡ ಅಭಯಾರಣ್ಯದೊಳಗೆ ಮೀನು ಹಿಡಿದರೆ ಕೇಸು ಬೇರೆ.

ಚಳಿ ಅಂದರೆ ಹಿಮಾಲಯ ಅಂತ ನಿನ್ನ ಲೆಕ್ಕ. ಹಿಮವೇ ಬೀಳಬೇಕಿಲ್ಲ. ಮೈ ತೊಯ್ದು ಗಾಳಿ ಬೀಸಿದರೆ ಸಾಕು, ಒಳಗಿನ ಕಾವು ಇಳಿಯುತ್ತದೆ. ನಮ್ಮ ಮೈಯ ಕಾವು 37 ಡಿಗ್ರಿ. ಅದು 35ಕ್ಕಿಂತ ಕೆಳಗಿಳಿದರೆ ಅಪಾಯ ಶುರು. ಮೊದಲು ನಡುಕ. ಆಮೇಲೆ ಬೆರಳು ಮಾತು ಕೇಳುವುದಿಲ್ಲ, ನಾಲಿಗೆ ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ. ಆಗ ಜೇಬಿನಲ್ಲಿ ಎಂಥ ಚಾಕು ಇದ್ದರೂ ಬಿಚ್ಚಲು ಕೈ ಬರಬೇಕಲ್ಲ!

ಅದಕ್ಕೇ ಆ ಜೀನ್ಸ್ ಪ್ಯಾಂಟನ್ನು ಮನೆಯಲ್ಲೇ ಬಿಡು. ಹತ್ತಿ ಬಟ್ಟೆ ನೀರು ಕುಡಿದರೆ ಬೇಗ ಒಣಗುವುದಿಲ್ಲ, ಮೈಯ ಕಾವನ್ನು ಎಳೆಯುತ್ತಲೇ ಇರುತ್ತದೆ. ಉಣ್ಣೆ ಹಾಗಲ್ಲ. ನಮ್ಮ ಕಡೆ ಕುರುಬರು ಕಂಬಳಿ ಕೊಪ್ಪೆ ಹಾಕಿಕೊಂಡು ಸುರಿಯುವ ಮಳೆಯಲ್ಲೇ ಕುರಿ ಕಾಯುತ್ತಾರಲ್ಲ, ಸುಮ್ನೆ ಅಲ್ಲ ಅದು. ಉಣ್ಣೆಯ ಎಳೆಗಳ ನಡುವೆ ಗಾಳಿ ನಿಲ್ಲುತ್ತದೆ. ತೊಯ್ದರೂ ಅಷ್ಟಿಷ್ಟು ಬೆಚ್ಚಗಿಡುತ್ತದೆ. ಕಂಬಳಿ ನಿನಗೆ ಭಾರವಾಗುತ್ತದೆ, ಒಪ್ಪುತ್ತೇನೆ. ಒಂದು ಉಣ್ಣೆ ಸ್ವೆಟರು, ಒಂದು ಜೊತೆ ಕಾಲುಚೀಲ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡು. ನಡೆಯುವಾಗ ಅವನ್ನು ಮುಟ್ಟಬೇಡ. ಅವು ರಾತ್ರಿಗೆ.

ಈಗ ನನ್ನ ಮಾಲಿಗೆ ಬರುತ್ತೇನೆ. 8 ಅಡಿಗೆ 10 ಅಡಿ ತೆಳು ತಾಡಪತ್ರಿ, ಅಂಚಿಗೆ ಹಗ್ಗ ಪೋಣಿಸಲು ಹಿತ್ತಾಳೆ ಕಣ್ಣು, ಜೊತೆಗೆ ನೈಲಾನ್ ಹಗ್ಗ. ಎರಡು ಮರಗಳ ನಡುವೆ ಹಗ್ಗ ಬಿಗಿದು ಮೇಲೆ ಹಾಸಬೇಕು. ಗಾಳಿ ಬರುವ ಕಡೆ ನೆಲಕ್ಕೆ ತಾಗುವಷ್ಟು ತಗ್ಗಿಸಿ ಕಟ್ಟು. ಕಟ್ಟುವ ಮೊದಲು ತಲೆಯೆತ್ತಿ ನೋಡು, ಒಣಗಿದ ಕೊಂಬೆಯ ಕೆಳಗೆ ಮಲಗಬಾರದು. ಹಳ್ಳದ ಪಾತ್ರದಲ್ಲಂತೂ ಕೂಡಲೇಬಾರದು. ಮೇಲೆ ಎಲ್ಲೋ ಮಳೆಯಾದರೆ ಇಲ್ಲಿ ನೀರು ಏರುತ್ತದೆ. ಇನ್ನೊಂದು ಮಾತು, ಎಲ್ಲರೂ ಮೇಲಿನ ಮಳೆಯನ್ನೇ ನೋಡುತ್ತಾರೆ, ಕೆಳಗಿನ ನೆಲವನ್ನು ಮರೆಯುತ್ತಾರೆ. ತಣ್ಣನೆಯ ನೆಲ ರಾತ್ರಿಯಿಡೀ ಕಾವು ಹೀರುತ್ತದೆ. ಒಣ ಎಲೆ ಸಿಕ್ಕರೆ ಎಲೆ, ಇಲ್ಲದಿದ್ದರೆ ಬೆನ್ನಿನ ಚೀಲವನ್ನೇ ಹಾಕಿಕೊಂಡು ಅದರ ಮೇಲೆ ಕುಳಿತುಕೋ.

ಮಿಲಿಟರಿ ಹಸಿರು ಬಣ್ಣದ್ದು ಬೇಕು ಅಂದಿದ್ದೀಯ. ಹುಡುಕುವವರ ಕಣ್ಣಿಗೆ ಬೀಳಬಾರದು ಅನ್ನುವ ಆಸೆಯಾ? ಕಿತ್ತಳೆ ಬಣ್ಣದ್ದನ್ನೇ ತೆಗೆದಿಟ್ಟಿದ್ದೇನೆ.

ನಿನ್ನ ತಮ್ಮ ಈ ಜಗಳದಲ್ಲಿ ನಿನ್ನ ಕಡೆ. ಅಮೆರಿಕದ ಸಿಯಾಟಲ್‌ನಲ್ಲಿ ‘ದಿ ಮೌಂಟನಿಯರ್ಸ್’ ಅಂತ ಗುಡ್ಡ ಹತ್ತುವವರ ಸಂಘವಿದೆ. ಅವರು 1930ರ ದಶಕದಲ್ಲೇ ಹತ್ತು ವಸ್ತುಗಳ ಪಟ್ಟಿ ಮಾಡಿದ್ದರು. ಅದರಲ್ಲಿ ಚಾಕು ಇದೆ, ತಾಡಪತ್ರಿ ಇಲ್ಲ ಅಂತ ಕುಣಿದಾಡಿದ. ನಿಜ. ಆದರೆ ಅದೇ ಸಂಘ ಆಮೇಲೆ ಪಟ್ಟಿ ತಿದ್ದಿ ತುರ್ತು ಆಸರೆಯನ್ನೂ ನೀರನ್ನೂ ಸೇರಿಸಿತು. ಅದನ್ನು ತೋರಿಸಿದ ಮೇಲೆ ಅವನು ರಾಯಣ್ಣನನ್ನು ಎಳೆದು ತಂದ. ಸಂಗೊಳ್ಳಿ ರಾಯಣ್ಣ ಇದೇ ಕಾಡಿನಲ್ಲಿ ಕತ್ತಿ ಹಿಡಿದೇ ಇದ್ದನಲ್ಲ ಅಂದ. ಇದ್ದ. ಆದರೆ ಅವನಿಗೆ ಇಲ್ಲಿನ ದಾರಿ ಗೊತ್ತಿತ್ತು, ಅವನ ಕಡೆಯ ಜನರೂ ಇದ್ದರು. 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದ್ದೂ ಮೋಸದಿಂದ ಹಿಡಿದ ಮೇಲೆಯೇ ಅಲ್ವಾ? ನಿನ್ನ ತಮ್ಮ ಎದ್ದು ಹೋದ.

ನೀರಿನ ಮಾತು ಬೇಗ ಮುಗಿಸುತ್ತೇನೆ. ಅಲ್ಲಿ ನೀರಿಗೆ ಬರವಿಲ್ಲ, ಶುದ್ಧ ನೀರಿಗೆ ಬರ. ಬಟ್ಟೆಯಲ್ಲಿ ಸೋಸಿ ಕ್ಲೋರಿನ್ ಮಾತ್ರೆ ಹಾಕಿ, ಚೀಟಿಯಲ್ಲಿ ಬರೆದಷ್ಟು ಹೊತ್ತು ಬಿಟ್ಟು ಕುಡಿ. ಕಾಯಿಸಲು ಆದರೆ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟರೆ ಸಾಕು. ಊಟದ ವಿಷಯದಲ್ಲಿ ನಿನ್ನ ಆಯಿ ಗೆದ್ದಳು. ನೂಡಲ್ಸಿಗೆ ಒಲೆ ಬೇಕು, ಶೇಂಗಾ ಉಂಡಿಗೆ ಏನೂ ಬೇಡ. ನಡುಗುವ ಮೈಗೆ ಬೆಲ್ಲ ಬೇಗ ಶಕ್ತಿ ಕೊಡುತ್ತದೆ. ಕಾಡಿನ ಅಣಬೆ, ಗೊತ್ತಿಲ್ಲದ ಹಣ್ಣು ತಿನ್ನುವ ಸಾಹಸ ಮಾತ್ರ ಬೇಡವೇ ಬೇಡ.

ವಿಷ ಹೀರುವ ಪಂಪನ್ನು ವಾಪಸ್ ಕೊಟ್ಟುಬಿಡು. ಅದರಿಂದ ವಿಷ ಬರುವುದಿಲ್ಲ, ಗಾಯ ಹೆಚ್ಚಾಗುತ್ತದೆ. ಹಾವು ಕಚ್ಚಿದರೆ ಕೊಯ್ಯಬಾರದು, ಬಿಗಿಯಾಗಿ ದಾರ ಕಟ್ಟಬಾರದು. ಕಚ್ಚಿದ ಕೈಕಾಲು ಅಲುಗದಂತೆ ಪಟ್ಟಿ ಕಟ್ಟಿ ಆಸ್ಪತ್ರೆಗೆ ಹೊತ್ತೊಯ್ಯಬೇಕು. ನಮ್ಮಲ್ಲಿ ಸಿಗುವ ಔಷಧ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ. ಅದು ಆಸ್ಪತ್ರೆಯಲ್ಲಿರುತ್ತದೆ, ಚೀಲದಲ್ಲಲ್ಲ. ಪಂಪಿನ ಬದಲು ಹಣೆಗೆ ಕಟ್ಟುವ ಟಾರ್ಚು ತೆಗೆದುಕೋ. ಕತ್ತಲಲ್ಲಿ ಕಾಲಿಡುವ ಜಾಗ ಕಂಡರೆ ಹಾವಿನ ಗಂಡಾಂತರವೇ ಅರ್ಧ ಕಡಿಮೆ.

ಪೀಪಿಯನ್ನು ನೀನು ಪಟ್ಟಿಯಲ್ಲೇ ಬರೆದಿಲ್ಲ. ಹತ್ತಿಪ್ಪತ್ತು ರೂಪಾಯಿಯ ಪ್ಲಾಸ್ಟಿಕ್ ಪೀಪಿ. ಕೂಗಿ ಕೂಗಿ ಗಂಟಲು ಕಟ್ಟುತ್ತದೆ, ಪೀಪಿಗೆ ಕಟ್ಟುವುದಿಲ್ಲ. ಮೂರು ಸಲ ಊದು, ನಿಲ್ಲಿಸು, ಮತ್ತೆ ಮೂರು ಸಲ. ಅದನ್ನು ಚೀಲದಲ್ಲಿ ಹಾಕಬೇಡ, ಕೊರಳಿಗೆ ಕಟ್ಟಿಕೋ. ನಿನ್ನ ಸಿಮ್ಮಿಗೆ ನೆಟ್‌ವರ್ಕ್ ಇಲ್ಲದಿದ್ದರೂ 112ಕ್ಕೆ ಒತ್ತಿ ನೋಡು, ಬೇರೆ ಕಂಪನಿಯ ಟವರ್ ಹಿಡಿದರೂ ಹೋಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ಜಗಳವಿಲ್ಲ, ಅಪ್ಪಣೆ ಅಂತಲೇ ತಿಳಿ. ದಾರಿ ತಪ್ಪಿತು ಅನಿಸಿದರೆ ಕುಳಿತುಬಿಡು. ಹಳ್ಳ ಹಿಡಿದು ಇಳಿದರೆ ಊರು ಸಿಗುತ್ತದೆ ಅಂತ ಯಾರೋ ಹೇಳುತ್ತಾರೆ. ಬಯಲುಸೀಮೆಯಲ್ಲಿ ಸರಿ. ಕಣಕುಂಬಿಯ ಮಲಪ್ರಭೆ ಪೂರ್ವಕ್ಕೆ ನಮ್ಮ ಕಡೆ ಬರುತ್ತಾಳೆ, ದೇಗಾವಿಯ ಮಹದಾಯಿ ಪಶ್ಚಿಮಕ್ಕೆ ಗೋವಾ ಕಡೆ ಇಳಿಯುತ್ತಾಳೆ. ತಪ್ಪು ಹಳ್ಳ ಹಿಡಿದರೆ ಕೊನೆಗೆ ಸಿಗುವುದು ಊರಲ್ಲ, ಘಟ್ಟದ ಅಂಚು.

ಭೀಮಗಡದೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಆ ಕಾಗದದ ಒಂದು ಪ್ರತಿ ಮನೆಯಲ್ಲಿರಲಿ. ಅದರ ಹಿಂದೆ ಯಾರ್‍ಯಾರು ಹೋಗುತ್ತೀರಿ, ಯಾವ ದಾರಿ, ಎಷ್ಟು ಗಂಟೆಗೆ ವಾಪಸ್ ಬರುತ್ತೀರಿ ಅಂತ ಬರೆದಿಡು. ನಿನ್ನ ಪೂರ್ತಿ ಪಟ್ಟಿಗಿಂತ ನನಗೆ ಆ ಕಾಗದ ದೊಡ್ಡದು. ಅದಿಲ್ಲದಿದ್ದರೆ ಹುಡುಕುವವರನ್ನು ಯಾವ ದಿಕ್ಕಿಗೆ ಕಳಿಸಲಿ?

ಚಾಕು ಬೇಡ ಅನ್ನುವುದಿಲ್ಲ. ಆಯಿ ಉಳ್ಳಾಗಡ್ಡಿ ಹೆಚ್ಚುವ ಸಣ್ಣದು ಸಾಕು, ಹಗ್ಗ ಕತ್ತರಿಸುತ್ತದೆ. ಶನಿವಾರ ಅಂಗಡಿಗೆ ಬಾ, ತಾಡಪತ್ರಿ ಕಟ್ಟುವುದನ್ನು ಒಮ್ಮೆ ಮಾಡಿ ತೋರಿಸಬೇಕು. ಅಷ್ಟರೊಳಗೆ ಪಟ್ಟಿ ತಿದ್ದಿ ಕಳಿಸು. ಮೀನಿನ ಗಾಳ ಇನ್ನೂ ಅದರಲ್ಲಿದ್ದರೆ ಬಾಡಿಗೆ ಗಾಡಿಯ ದುಡ್ಡು ಕೊಡುವುದಿಲ್ಲ.

ನಿನ್ನ ಅಪ್ಪ